ಬಳೆ ಇಲ್ಲದ ಅಮ್ಮ

ಕರೇಗಲ್ಲಹಟ್ಟಿಯ ಉಚ್ಚಂಗೆಮ್ಮನಿಗೆ ಸುಮ್ಮನೆ ಕೂರುವ ವಿದ್ಯೆಯೊಂದು ಒಲಿಯಲೇ ಇಲ್ಲ. ಕೈಗೆ ಕೆಲಸ ಇಲ್ಲದಿದ್ದರೆ ಬಾಯಿಗೆ ಕೊಡುತ್ತಿದ್ದಳು, ಬಾಯಿಗೂ ಇಲ್ಲದಿದ್ದರೆ ಕಣ್ಣಿಗೆ. ಯಾರ ಮನೆಯ ಕೋಳಿ ಯಾರ ಹಿತ್ತಲಲ್ಲಿ ಮೊಟ್ಟೆ ಇಟ್ಟಿತು ಎನ್ನುವುದು ಕೋಳಿಯ ಒಡತಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಗಂಡ ಸುಂಕಪ್ಪ ಊರಿಗೆ ಹಲಗೆ ಬಾರಿಸುವವನು. ತನ್ನ ಹಲಗೆಯನ್ನಾದರೂ ಬೆಂಕಿಗೆ ಹಿಡಿದು ಕಾಸಬೇಕು, ಹೆಂಡತಿಗೆ ಆ ಖರ್ಚೂ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ. ಹೇಳುವಾಗ ಮುಖದಲ್ಲಿ ಹೆಮ್ಮೆ ಇರುತ್ತಿತ್ತು, ಅದನ್ನು ಮುಚ್ಚಿಡಲು ಅವನಿಗೆ ಬರುತ್ತಿರಲಿಲ್ಲ.

ಹೊಸಹಳ್ಳಿಯಿಂದ ಗುಡೇಕೋಟೆ ಕಡೆ ಹೋಗುವಾಗ ಕುರುಚಲು ಗುಡ್ಡಗಳ ಸಂದಿಯಲ್ಲಿ ಸಿಗುವ ಊರು ಅದು. ಹದಿನೈದಕ್ಕೆ ಸೊಸೆಯಾಗಿ ಬಂದವಳು ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಗೆ ನಲವತ್ತು ದಾಟಿದ್ದಳು. ಇಬ್ಬರು ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸಿದ್ದಳು. ಹೆದ್ದಾರಿ ಬದಿಯಲ್ಲಿ ಶಿವಯೋಗಪ್ಪ ಎನ್ನುವವರ ಶೇಂಗಾ ಮಿಲ್ಲಿತ್ತು. ಅಲ್ಲಿಗೆ ಮೂರು ಮೈಲಿ ನಡೆದು ಹೋಗಿ ಹನ್ನೊಂದು ಸುಗ್ಗಿ ಕಾಳು ಹಸನು ಮಾಡಿದ್ದಳು. ಎರಡು ವರ್ಷದ ಹಿಂದೆ ಊರ ಶಾಲೆಯಲ್ಲಿ ಕಸ ಗುಡಿಸುವ, ನೀರು ತುಂಬಿಡುವ ಕೆಲಸ ಸಿಕ್ಕಿದ ಮೇಲೆ ಮಿಲ್ಲು ಬಿಟ್ಟಳು. ತಿಂಗಳ ಸಂಬಳ ಎಣಿಸುವ ಮೊದಲ ಹೆಂಗಸು ಕೇರಿಯಲ್ಲಿ ಅವಳೇ.

ಆದರೆ ಅವಳ ಜೀವ ಇದ್ದದ್ದು ಹಳ್ಳದ ಚಿಲುಮೆಯಲ್ಲಿ. ಕಾಯ್ದೆ ಏನೇ ಹೇಳಲಿ, ಊರ ಬಾವಿಗೆ ಆಗಿನ್ನೂ ಕೇರಿಯವರ ಕೊಡ ಇಳಿಯುತ್ತಿರಲಿಲ್ಲ. ಕೇರಿಯ ಮೂವತ್ತು ಮನೆಗೂ ಹಳ್ಳದ ಮರಳಲ್ಲಿ ತೋಡಿದ ಆ ಗುಂಡಿಯೇ ಗತಿ. ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಹೊತ್ತು ಮೂಡುವ ಮೊದಲೇ ಉಚ್ಚಂಗೆಮ್ಮ ಹೋಗಿ ಕುಸಿದ ಮರಳು ತೆಗೆದು, ಬಗ್ಗಡದ ನೀರು ಎತ್ತಿ ಚೆಲ್ಲಿ, ತಿಳಿನೀರು ಒಸರುವವರೆಗೂ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದಳು. ಆಮೇಲೆ ಒಬ್ಬೊಬ್ಬರಿಗೂ ಸರದಿ. ಸರದಿ ತಪ್ಪಿಸಿದವರಿಗೆ ಅವಳ ಬಾಯಿ ಇದ್ದೇ ಇತ್ತು.

ಆ ವರ್ಷ ಭರಣಿ ಮಳೆ ಹುಸಿ ಹೋಯಿತು. ಅದೇ ವಾರ ಗುರುಸಂಗಪ್ಪನ ಮೊಮ್ಮಗಳಿಗೆ ಮೈತುಂಬ ದಡಾರ ಎದ್ದಿತು. ಗುರುಸಂಗಪ್ಪ ಪಂಚಾಯ್ತಿ ಮೆಂಬರು, ಎಂಟೆತ್ತಿನ ಕಮತದವನು, ಮನಸ್ಸು ಒಳ್ಳೆಯದು, ಪುಕ್ಕಲು ಸ್ವಲ್ಪ ಜಾಸ್ತಿ. ಮಗು ಜ್ವರದಲ್ಲಿ ನರಳುವಾಗಲೇ ಸುದ್ದಿ ಬಂತು: ಹಳ್ಳದ ಮೇಲಿನ ಗಡಿಕಲ್ಲಿನ ಹತ್ತಿರ ಯಾರೋ ಅಮ್ಮನನ್ನು ತಂದು ಬಿಟ್ಟು ಹೋಗಿದ್ದಾರೆ.

ಈ ಸೀಮೆಯಲ್ಲಿ ಹಿಂದಿನಿಂದ ನಡೆದು ಬಂದದ್ದು ಅದು. ಊರಿಗೆ ಬೇನೆ ಬಂದರೆ ಅಮ್ಮನನ್ನು ಮೊರದಲ್ಲಿ ಕೂರಿಸಿ, ಮನೆಮನೆಯಿಂದ ಹಳೇ ಪೊರಕೆ, ಒಡಕು ಮಡಿಕೆ ಕೂಡಿಸಿ, ಬೇವಿನ ಸೊಪ್ಪು ಹೊದಿಸಿ, ಹಲಗೆ ಬಡಿಯುತ್ತಾ ಗಡಿ ದಾಟಿಸಿ ಬರುತ್ತಾರೆ. ತಿರುಗಿ ನೋಡುವಂತಿಲ್ಲ. ಬೇನೆ ಅಮ್ಮನ ಜೊತೆ ಹೋಗುತ್ತದೆ. ಆಚೆ ಊರಿನವರು ಕಂಡರೆ ಮುಟ್ಟದೆ ಪೂಜೆ ಮಾಡಿ, ಒಂದು ಒಳ್ಳೆಯ ದಿನ ನೋಡಿ ತಮ್ಮ ಗಡಿಯಿಂದಲೂ ಮುಂದಕ್ಕೆ ಸಾಗಿಸುತ್ತಾರೆ. ಕರೇಗಲ್ಲಹಟ್ಟಿಯವರು ಹೋಗಿ ನೋಡಿದರೆ ಮೊರ, ಪೊರಕೆ, ಮಡಿಕೆ, ಬೇವಿನ ಸೊಪ್ಪು ಎಲ್ಲ ಅಲ್ಲಿ ಇತ್ತು. ಆಳೆತ್ತರದ ರಾಶಿ. ಕಪ್ಪಾದ ಶೇಂಗಾ, ಹರಕು ಚೀಲಗಳೂ ಇದ್ದವು. ಇಷ್ಟು ದೊಡ್ಡ ಅಮ್ಮನನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಭಯವೂ ಅಷ್ಟೇ ದೊಡ್ಡದಾಯಿತು.

ಗುರುಸಂಗಪ್ಪ ಕಾಯಿ ಒಡೆಸಿದ, ಬಾಳೆಹಣ್ಣು ಇಡಿಸಿದ. ಮಾರನೇ ದಿನ ನೋಡಿದರೆ ಕಾಯಿ ಹೋಳು ಇಲ್ಲ, ಹಣ್ಣೂ ಇಲ್ಲ, ರಾಶಿ ಮಾತ್ರ ಇನ್ನಷ್ಟು ಬೆಳೆದಿದೆ. ಅಮ್ಮ ನೈವೇದ್ಯ ಸ್ವೀಕರಿಸಿದಳೆಂದು ಊರು ಪುಳಕಗೊಂಡಿತು, ಮತ್ತೆ ಐದು ಕಾಯಿ ಹೋಯಿತು. ಅವೂ ಹೋದವು, ರಾಶಿ ಮತ್ತೆ ಬೆಳೆಯಿತು. ಹತ್ತು ದಿನದಲ್ಲಿ ಅಮ್ಮ ನಾಲ್ಕು ಸಲ ಬೆಳೆದಳು.

ಉಚ್ಚಂಗೆಮ್ಮ ಮೊದಲ ದಿನವೇ ಹೋಗಿ ಕೈ ಮುಗಿದಿದ್ದಳು. ಕೈ ಮುಗಿದಿದ್ದರೂ ಕಣ್ಣು ಮಾತ್ರ ತನ್ನ ಕೆಲಸ ಮಾಡುತ್ತಲೇ ಇತ್ತು. ರಾಶಿಯಲ್ಲಿ ಒಂದೇ ಒಂದು ಬಳೆ ಇರಲಿಲ್ಲ. ಕುಬುಸದ ಕಣವೂ ಇರಲಿಲ್ಲ. ಯಾವ ಊರಿನ ಹೆಂಗಸರಾದರೂ ಎಷ್ಟೇ ಬಡತನವಿರಲಿ, ಅಮ್ಮನನ್ನು ಬರಿಗೈಯಲ್ಲಿ ಕಳಿಸುತ್ತಾರೆಯೇ? ಕಟ್ಟೆಯ ಹತ್ತಿರ ಇದನ್ನು ಕೇಳಿಯೇಬಿಟ್ಟಳು. ಆಚೆ ಊರಿನ ಹೆಂಗಸರು ಜಿಪುಣಿಯರು ಎಂದು ಗುರುಸಂಗಪ್ಪ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ. ಅಮ್ಮನ ಹೆಸರು ಇಟ್ಟುಕೊಂಡವಳೇ ಅಮ್ಮನನ್ನು ಪರೀಕ್ಷೆ ಮಾಡುತ್ತಾಳಲ್ಲ ಎಂದು ಉಳಿದವರು ನಕ್ಕರು. ಸಂಜೆಗೆಲ್ಲ ಗುರುಸಂಗಪ್ಪನ ಹೆಂಡತಿ ಶಿವಬಸಮ್ಮ ಎರಡು ಡಜನ್ ಹಸಿರು ಬಳೆ ತಂದು ರಾಶಿಯ ಮೇಲಿಟ್ಟು ಕೊರತೆ ತುಂಬಿಸಿದಳು. ಉಚ್ಚಂಗೆಮ್ಮನ ಸಾಕ್ಷಿ ಅಲ್ಲಿಗೆ ಮುಗಿಯಿತು.

ಅವಳೇನು ಬಿಡುವವಳಲ್ಲ. ಒಂದು ಬೆಳಿಗ್ಗೆ ಚಿಲುಮೆಯ ಕೆಲಸ ಮುಗಿಸಿ, ಸೆರಗು ಮೂಗಿಗೆ ಕಟ್ಟಿಕೊಂಡು ಗಡಿಕಲ್ಲಿಗೆ ಹತ್ತಿದಳು. ಹತ್ತಿರ ಹೋದಂತೆ ಗೆಮಾಕ್ಸಿನ್ ವಾಸನೆ ಬಂತು, ಮಿಲ್ಲಿನ ಚೀಲಗಳಿಗೆ ಹುಳ ಹತ್ತದಿರಲಿ ಎಂದು ಉದುರಿಸುವ ಪುಡಿಯದು. ಒಂದು ಮೊರವನ್ನು ಕಡ್ಡಿಯಿಂದ ಎಳೆದು ಬೋರಲು ಹಾಕಿದಳು. ಬೆನ್ನ ಮೇಲೆ ಡಾಂಬರಿನಲ್ಲಿ ಬರೆದ ಏಳು. ಹೆಂಗಸರು ಮೊರಕ್ಕಾಗಿ ಜಗಳ ಆಡದಿರಲಿ ಎಂದು ಶಿವಯೋಗಪ್ಪನ ಮಿಲ್ಲಿನಲ್ಲಿ ಮೊರಕ್ಕೊಂದು ನಂಬರು ಹಾಕುತ್ತಿದ್ದರು, ಅವಳದು ಹನ್ನೆರಡು ಇತ್ತು. ಏಳು ಅವಳ ಪಕ್ಕ ಕೂರುತ್ತಿದ್ದ ಬಸಲಿಂಗಮ್ಮನದು. ಅಂಚು ಕಿತ್ತಾಗ ಬಸಲಿಂಗಮ್ಮ ತನ್ನ ಹಳೇ ಸೀರೆಯ ನೀಲಿ ದಾರದಿಂದ ಹೊಲಿದುಕೊಂಡದ್ದೂ ಹಾಗೇ ಇತ್ತು. ಬೇವಿನ ಸೊಪ್ಪು ಗೋದಾಮಿನಲ್ಲಿ ಚೀಲಗಳ ಕೆಳಗೆ ಹಾಸುತ್ತಿದ್ದದ್ದು, ಮಡಿಕೆ ಕೂಲಿಯವರು ನೀರು ಕುಡಿಯುವುದು, ಶೇಂಗಾ ಬೂಷ್ಟು ಹಿಡಿದು ಗಾಣಕ್ಕೆ ಬಾರದ್ದು. ಅಮ್ಮನಂತೆ ಊರು ಪೂಜೆ ಮಾಡುತ್ತಿದ್ದದ್ದು ಮಿಲ್ಲು ಗುಡಿಸಿ ಎಸೆದ ಹೊಲಸು.

ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೆಳಗೆ ನೋಡಿದಳು. ರಾಶಿಯ ಬುಡದಿಂದ ಒಂದು ಕೊರಕಲು ಹಳ್ಳಕ್ಕೆ ಇಳಿದಿತ್ತು, ಅದರ ತುದಿಯಲ್ಲಿ ಚಿಲುಮೆ. ರೋಹಿಣಿ ಮಳೆಗೆ ಇನ್ನು ಹತ್ತು ದಿನ ಇದ್ದರೆ ಹೆಚ್ಚು. ಒಂದೇ ಒಂದು ಜೋರು ಮಳೆ ಸಾಕು, ಆ ಪುಡಿ, ಆ ಬೂಷ್ಟು ಎಲ್ಲ ಮೂವತ್ತು ಮನೆಯ ಕೊಡಕ್ಕೆ ಇಳಿಯುತ್ತದೆ. ಅವಳು ಆ ಮೊರವನ್ನು ಎತ್ತಿಕೊಂಡು ಕೆಳಗಿಳಿದಳು.

ಮಾರನೇ ದಿನ ಮೊರವನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಕೂಡ್ಲಿಗಿ ಬಸ್ಸು ಹತ್ತಿದಳು. ಕಂಡಕ್ಟರು ಲಗೇಜು ಚೀಟಿ ಹರಿಯಲು ನೋಡಿದ, ಅಮ್ಮನ ಮೊರ ಎಂದಳು, ಅವನು ಎರಡು ಹೆಜ್ಜೆ ಹಿಂದೆ ಸರಿದ. ಹೆಲ್ತ್ ಇನ್‌ಸ್ಪೆಕ್ಟರ್ ಗಂಗಪ್ಪ ಶಾಲೆಗೆ ಸೂಜಿ ಹಾಕಲು ಬರುತ್ತಿದ್ದ ಪರಿಚಯ. ಅವನು ಮೊರ ತಿರುಗಿಸಿ ನೋಡಿದ, ಮೂಸಿ ನೋಡಿ ಮುಖ ಕಿವುಚಿದ, ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡ. ಮಕ್ಕಳು, ದನ ಹತ್ತಿರ ಸುಳಿಯಬಾರದು, ಮುಟ್ಟುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಚೀಲ ಸುತ್ತಿಕೊಂಡು, ಆಮೇಲೆ ಸ್ನಾನ ಮಾಡಬೇಕು ಎಂದು ಹೇಳಿಕೊಟ್ಟ. ಮಿಲ್ಲಿನವರಿಗೆ ನೋಟೀಸು ಹೋಗಿ ಅವರು ಎತ್ತಿಸುವುದಕ್ಕೆ ತಿಂಗಳಾದರೂ ಬೇಕು. ಆದರೆ ಬರುವ ಮಂಗಳವಾರ ನಾನೇ ಮಿಲ್ಲಿಗೆ ತಪಾಸಣೆಗೆ ಬರುತ್ತೇನೆ, ಆ ಹೊತ್ತಿಗೆ ಅವರ ಮಾಲು ಅವರ ಬಾಗಿಲಲ್ಲಿ ಕಣ್ಣೆದುರಿಗಿದ್ದರೆ ಅಲ್ಲೇ ಬರೆಸಿಕೊಂಡು ಅಲ್ಲೇ ಗುಂಡಿ ತೋಡಿಸಬಹುದು ಎಂದ.

ಹಾರಿಕೊಂಡೇ ಊರಿಗೆ ಬಂದಳು. ಕಟ್ಟೆಗೆ ಹೋಗಿ, ಇದು ಅಮ್ಮ ಅಲ್ಲ, ಕಸ ಅಂತ ಸಾಬೀತಾಯ್ತು ಎಂದು ಸಾರಬೇಕೆಂದೇ ಹೊರಟಿದ್ದಳು. ಸುಂಕಪ್ಪ ಹಲಗೆಯ ಚರ್ಮ ಬಿಗಿಯುತ್ತಾ ಎಲ್ಲ ಕೇಳಿಸಿಕೊಂಡ. ಕೇಳಿ, ತಲೆ ಎತ್ತದೆ ಹೇಳಿದ:

"ಅಮ್ಮ ಆದ್ರ ಊರೆಲ್ಲ ಹೊರತೈತಿ. ಕಸ ಆದ್ರ ಯಾರು ಹೊರಬೇಕು, ನೀನ ಹೇಳು."

ಉಚ್ಚಂಗೆಮ್ಮನ ಬಾಯಿ ಕಟ್ಟಿತು. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಅದು ಮೊದಲ ಸಲ ಎಂದು ಸುಂಕಪ್ಪ ಆಮೇಲೆ ಲೆಕ್ಕ ಹಾಕಿದ. ಸತ್ತ ದನ, ಕಟ್ಟಿದ ಚರಂಡಿ, ಕೊಳೆತ ಗೊಬ್ಬರ, ಊರಲ್ಲಿ ಏನೇ ನಾತ ಹೊಡೆದರೂ ಕರೆ ಬರುತ್ತಿದ್ದದ್ದು ಕೇರಿಗೆ. ಕಸ ಎಂಬ ಮಾತು ಬಾಯಿಂದ ಬಿದ್ದ ಮರುಗಳಿಗೆ ನಾಲ್ಕು ಗಾಡಿ ಹೊಲಸನ್ನು ಕೇರಿಯ ಅಣ್ಣತಮ್ಮಂದಿರೇ ಎತ್ತಬೇಕಾಗುತ್ತಿತ್ತು, ಉಳಿದವರು ಬೇವಿನ ಮರದ ನೆರಳಲ್ಲಿ ನಿಂತು ಹೇಗೆ ಎತ್ತಬೇಕೆಂದು ಹೇಳಿಕೊಡುತ್ತಿದ್ದರು. ಅವಳಿಗೆ ಸಿಟ್ಟು ಉಕ್ಕಿತು. ಅರ್ಧ ದಿನ ಅಡುಗೆ ಮನೆಯಲ್ಲಿ ಪಾತ್ರೆಗಳ ಮೇಲೆ ತೀರಿಸಿಕೊಂಡಳು. ಆಮೇಲೆ ಕೈ ತೊಳೆದು, ತಲೆ ಬಾಚಿಕೊಂಡು ಗುರುಸಂಗಪ್ಪನ ಮನೆಗೆ ಹೋದಳು. ಮೊಮ್ಮಗಳು ಅಂಗಳದಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿತ್ತು, ಜ್ವರ ಇಳಿದಿತ್ತು.

"ಅಮ್ಮ ಎಲ್ಲಿಂದ ಬಂದಾಳ ನನಗ ಗೊತ್ತಾಗೈತ್ರಿ" ಎಂದಳು ಉಚ್ಚಂಗೆಮ್ಮ. "ಮುಂದಿನ ಊರಿಗೆ ದಾಟಿಸಿದ್ರ ಸುತ್ತು ಹಾಕ್ಕೊಂಡು ಮತ್ತ ನಮ್ಮ ಗಡಿಗೇ ಬರ್ತಾಳ. ಹೊಂಟ ಮನಿಗೇ ಮುಟ್ಟಿಸಿ ಬಂದ್ರ ಇನ್ನ ಬರಂಗಿಲ್ರಿ."

ಇದರಲ್ಲಿ ಸುಳ್ಳು ಎಲ್ಲಿದೆ, ನೀವೇ ಹೇಳಿ. ಗುರುಸಂಗಪ್ಪನಿಗೂ ಮಾತು ಹಿಡಿಸಿತು. ಕಾಯಿ ಒಡೆಸಿ ಒಡೆಸಿ ಅವನಿಗೂ ಸಾಕಾಗಿತ್ತು. ಯಾವ ಮನೆ ಎಂದು ಕೇಳಿದ. ದಾರಿ ತೋರಿಸುವುದು ನನ್ನ ಪಾಲಿಗಿರಲಿ, ಮಂಗಳವಾರ ಹಗಲಲ್ಲೇ ಹೋಗಬೇಕು, ಒಂದು ಕಡ್ಡಿಯೂ ಉಳಿಯಬಾರದು, ಕೆಳಗಿನ ಮಣ್ಣನ್ನೂ ಕೆರೆದು ಒಯ್ಯಬೇಕು ಎಂದಳು. ಮನೆಗೊಬ್ಬರು ಹೊರಬೇಕು, ಹೊರುವವರು ಬಾಯಿಗೆ ಅರಿಶಿನದ ಬಟ್ಟೆ ಕಟ್ಟಿ, ಕೈಗೆ ಹೊಸ ಚೀಲ ಸುತ್ತಿ, ಬಂದ ಮೇಲೆ ತಲೆಗೆ ನೀರು ಹಾಕಿಕೊಳ್ಳಬೇಕು ಎಂದೂ ಸೇರಿಸಿದಳು. ಗಂಗಪ್ಪನ ಆರೋಗ್ಯ ಸೂಚನೆಗಳು ಹೀಗೆ ಮಡಿಯಾಗಿ ಊರು ಸೇರಿದವು. ಇಷ್ಟು ಕಟ್ಟುನಿಟ್ಟಿನ ಮಡಿ ಇದ್ದರೆ ಖಂಡಿತ ಶಕ್ತಿ ದೇವತೆಯೇ ಇರಬೇಕು ಎಂದು ಶಿವಬಸಮ್ಮ ಪಕ್ಕದ ಮನೆಯವಳಿಗೆ ಹೇಳಿದಳಂತೆ.

ಮಂಗಳವಾರ ಕರೇಗಲ್ಲಹಟ್ಟಿ ಎದ್ದ ಚೆಂದವೇ ಚೆಂದ. ಮನೆಮುಂದೆ ಸಾರಿಸಿ ರಂಗೋಲಿ. ಎತ್ತುಗಳ ಕೊರಳಿಗೆ ಗೆಜ್ಜೆ. ಪುಡಿ ಉದುರುವ ಚೀಲಗಳನ್ನು ಗುದ್ದಲಿ ಸಲಿಕೆಯಿಂದ ಎತ್ತಿ ಬೇರೆ ಚೀಲದಲ್ಲಿ ಕಟ್ಟಿ ನಾಲ್ಕು ಗಾಡಿಗೆ ತುಂಬಿದರು. ಉಳಿದ ಮೊರ, ಪೊರಕೆ, ಮಡಿಕೆ, ಕಪ್ಪು ಶೇಂಗಾ ಎಲ್ಲ ಪುಟ್ಟಿಗಳಲ್ಲಿ ತಲೆಯ ಮೇಲೆ. ಮೊದಲ ಪುಟ್ಟಿ ಯಾರದು ಎಂಬುದಕ್ಕೆ ಜಗಳವೇ ಆಯಿತು. ಕೊನೆಗೆ ಮೊಮ್ಮಗಳು ಉಳಿದ ಹರಕೆ ನನ್ನದು ಎಂದು ಗುರುಸಂಗಪ್ಪನೇ ಹೊತ್ತ. ಜರತಾರಿ ರುಮಾಲಿನ ಮೇಲೆ ಸಿಂಬಿ, ಸಿಂಬಿಯ ಮೇಲೆ ಪುಟ್ಟಿ, ಪುಟ್ಟಿಯಿಂದ ಇಣುಕುವ ಸವೆದ ಪೊರಕೆ. ಅವನ ಹಿಂದೆ ಮೇಲಿನ ಓಣಿಯ ಅಂಗಡಿಯವನು, ಅವನ ಹಿಂದೆ ಕೇರಿಯವರು, ಅವರ ಹಿಂದೆ ಮತ್ತೆ ಮೇಲಿನ ಓಣಿಯವರು. ಹಿಂದೆ ಮುಂದೆ ಎನ್ನುವುದು ಕಲೆಸಿಹೋಗಿತ್ತು. ಸುಂಕಪ್ಪ ಹಲಗೆ ಬಾರಿಸಿದ ಬಿರುಸಿಗೆ ಮೂರು ಮೈಲಿಯೂ ಕುಣಿತದಲ್ಲೇ ಕಳೆಯಿತು. ಉಚ್ಚಂಗೆಮ್ಮ ಮುಂದೆ ನಡೆದಳು. ಒಂದು ಕಡೆ ನಗು ತಡೆಯಲಾಗುತ್ತಿಲ್ಲ, ಇನ್ನೊಂದು ಕಡೆ ಅಂಜಿಕೆ. ಗುಟ್ಟು ರಟ್ಟಾದಾಗ ಊರು ತನ್ನನ್ನು ಏನು ಮಾಡೀತು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಚಿಲುಮೆ ಉಳಿದರೆ ಸಾಕು, ಬೈಗುಳ ತಿಂದೇನು ಎಂದುಕೊಂಡಳು.

ಮಿಲ್ಲಿನ ಗೇಟಿನ ಮುಂದೆ ಅವಳು ನಿಂತಾಗ ಹಲಗೆಯೂ ನಿಂತಿತು. ಗೇಟಿನ ಒಳಗೆ ಗಂಗಪ್ಪ ಸೈಕಲ್ಲಿಗೆ ಒರಗಿ ನಿಂತಿದ್ದ, ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಾ ಶಿವಯೋಗಪ್ಪ. ಸದ್ದು ಕೇಳಿ ಕಾಳು ಹಸನು ಮಾಡುವ ಹೆಂಗಸರೆಲ್ಲ ಹೊರಗೆ ಬಂದರು. ಅವರಲ್ಲಿ ಬಸಲಿಂಗಮ್ಮ ಸೀದಾ ಗುರುಸಂಗಪ್ಪನ ಹತ್ತಿರ ಹೋದಳು. ಅವನ ತಲೆಯ ಮೇಲಿನ ಪುಟ್ಟಿಯಿಂದ ಇಣುಕುತ್ತಿದ್ದ ಮೊರವನ್ನು ಬೆರಳು ಮಾಡಿ ತೋರಿಸಿ, ಅದು ಹದಿನಾಲ್ಕು, ಅಂಜಿನಕ್ಕನದು, ಹೋದ ತಿಂಗಳು ನಾವೇ ಕಸಕ್ಕೆ ಹಾಕಿದ್ದು, ನಿಮಗೆ ಎಲ್ಲಿ ಸಿಕ್ಕಿತು ಯಜಮಾನ್ರೇ ಎಂದು ಅಕ್ಕರೆಯಿಂದಲೇ ಕೇಳಿದಳು.

ಮಿಲ್ಲಿನ ಟ್ರ್ಯಾಕ್ಟರಿನ ಮರೆಯಲ್ಲಿ ನಿಂತಿದ್ದ ಡ್ರೈವರ್ ನಾಗಪ್ಪ ಅಷ್ಟು ಕೈಗಳಲ್ಲಿ ಗುದ್ದಲಿ, ಸಲಿಕೆ ಕಂಡು ನಡುಗಿಹೋದ. ಕೇಳುವ ಮೊದಲೇ ಒಪ್ಪಿಕೊಂಡ. ದೂರ ಎಲ್ಲಾದರೂ ಸುರಿದು ಬಾ ಅಂದಿದ್ದರು, ಊರು ಮಲಗಿದ ಮೇಲೆ ಹೋಗಿ ಸುರಿದು ಬರುತ್ತಿದ್ದೆ. ಕಾಯಿ, ಹಣ್ಣು ಇರುತ್ತಿತ್ತಲ್ಲ, ಮನೆಗೆ ಒಯ್ದೆ, ಕಾಯಿ ಚಟ್ನಿ ಹತ್ತು ದಿನ ಬಂತು. ಬೇಡ ಅನ್ನುವುದಾಗಿದ್ದರೆ ಯಾರಾದರೂ ಕಾಯಿ ಇಟ್ಟು ಕರೆಯುತ್ತಾರೆಯೇ ಎಂದು ಅವನೇ ತಿರುಗಿ ಕೇಳಿದ.

ಗುರುಸಂಗಪ್ಪ ಪುಟ್ಟಿ ಇಳಿಸಲಿಲ್ಲ. ತಲೆಯ ಮೇಲೆ ಹೊತ್ತೇ ಉಚ್ಚಂಗೆಮ್ಮನ ಕಡೆ ತಿರುಗಿದ. ಮುಖ ಕೆಂಪಾಗಿತ್ತು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ತ ನಮ್ಮ ತಲಿ ಮ್ಯಾಲೆ ಯಾಕ ಹೊರಿಸಿದಿ?"

ಉಚ್ಚಂಗೆಮ್ಮ ಸೆರಗು ಸರಿ ಮಾಡಿಕೊಂಡಳು. ಇಷ್ಟು ದೂರ ಬಂದ ಮೇಲೆ ಅಂಜಿಕೆ ಎಲ್ಲೋ ಉದುರಿ ಹೋಗಿತ್ತು. "ಮಳಿ ಬಂದ್ರ ಇದೆಲ್ಲ ನಮ್ಮ ಚಿಲುಮಿಗೆ ಇಳೀತಿತ್ರಿ. ಕಸ ಅಂತ ಹೇಳಿದ್ರ ನೀವು ಹೊರತಿದ್ರೇನು? ನಮ್ಮನ್ನ ಕರೀತಿದ್ರಿ."

ಗುರುಸಂಗಪ್ಪನ ಹಿಂದಿನಿಂದ ಯಾರೋ ಮೂಗಿನಲ್ಲೇ ಕಿಸಕ್ಕೆಂದರು. ಶಿವಬಸಮ್ಮ. ಬಳೆಗಳ ನೆನಪಾಗಿ ಅವಳಿಗೆ ನಗು ತಡೆಯಲಾಗಿರಲಿಲ್ಲ. ನಗು ಗಾಡಿಯಿಂದ ಗಾಡಿಗೆ ಹತ್ತಿ ಮಿಲ್ಲಿನ ಹೆಂಗಸರಿಗೂ ಅಂಟಿತು. ಕೊನೆಗೆ ಗುರುಸಂಗಪ್ಪನ ಹೊಟ್ಟೆಯೇ ಕುಲುಕಿ, ಪುಟ್ಟಿಯಿಂದ ಪೊರಕೆ ಜಾರಿ ಶಿವಯೋಗಪ್ಪನ ಕಾಲ ಮೇಲೆ ಬಿತ್ತು. ಗುರುಸಂಗಪ್ಪ ಪುಟ್ಟಿಯನ್ನು ಗೇಟಿನ ನಟ್ಟನಡುವೆ ಇಳಿಸಿದ. ನಿಮ್ಮ ಮನೆ ಅಮ್ಮನನ್ನು ನಿಮ್ಮ ಮನೆಗೆ ಮುಟ್ಟಿಸಿದ್ದೇವೆ, ಇನ್ನೊಂದು ಸಲ ನಮ್ಮ ಗಡಿ ತುಳಿದರೆ ಊರಿಗೆ ಊರೇ ಮತ್ತೆ ಹೊತ್ತುಕೊಂಡು ಬರುತ್ತದೆ ಎಂದ. ಶಿವಯೋಗಪ್ಪ ಕೆಟ್ಟವನೇನಲ್ಲ, ಕಣ್ಣಿಗೆ ಕಾಣದ್ದು ಮೂಗಿಗೂ ಇಲ್ಲ ಎನ್ನುವ ಜಾತಿಯವನು. ಅಷ್ಟು ಜನರ ಮುಂದೆ ಗಂಗಪ್ಪ ಬರೆದ ಕಾಗದಕ್ಕೆ ಸಹಿ ಹಾಕಿದ. ತನ್ನದೇ ಹೊಲದ ಮೂಲೆಯಲ್ಲಿ, ನೀರಿನ ದಾರಿ ಇಲ್ಲದ ಕಡೆ, ಎರಡಾಳು ಆಳದ ಗುಂಡಿ ಅಂದೇ ತೋಡಿಸಿದ. ನಾಗಪ್ಪನೂ ಸಲಿಕೆ ಹಿಡಿದ, ತಿಂದ ಕಾಯಿ ಕರಗಬೇಕಲ್ಲ.

ಮಳೆ ಶುಕ್ರವಾರ ಬಂತು. ಗುಡ್ಡದ ಮೇಲಿಂದ ಗೋಡೆಯಂತೆ ಇಳಿದು ಎರಡು ತಾಸು ಬಾರಿಸಿತು, ಹಳ್ಳ ಕೆಂಪಗೆ ಹರಿಯಿತು. ಉಚ್ಚಂಗೆಮ್ಮ ಮಿಲ್ಲಿನ ವಾಸನೆ ಏನಾದರೂ ಬರುತ್ತದೆಯೇ ಎಂದು ದಡದಲ್ಲಿ ನೆನೆಯುತ್ತಾ ನಿಂತಳು. ಮಣ್ಣಿನ ವಾಸನೆಯಷ್ಟೇ ಬಂತು. ನಾಲ್ಕನೇ ದಿನ ಹಳ್ಳ ಇಳಿಯಿತು, ಅವಳು ಚಿಲುಮೆಯನ್ನು ಹೊಸದಾಗಿ ತೋಡಿದಳು. ಬಗ್ಗಡ ಎತ್ತಿ ಚೆಲ್ಲಿದಳು. ಎರಡನೇ ನೀರೂ ಚೆಲ್ಲಿದಳು. ಮೂರನೆಯದು ತಿಳಿಯಾಗಿ ಒಸರಿತು. ಒಂದು ಗುಟುಕು ಬಾಯಲ್ಲಿ ಹಿಡಿದು, ನಾಲಿಗೆಯಲ್ಲೆಲ್ಲ ಆಡಿಸಿ, ಕಣ್ಣು ಮುಚ್ಚಿ ನುಂಗಿದಳು. ಎಂದಿನ ನೀರೇ. ಅವಳಿಗೆ ಅಳು ಬಂತು, ಸಂತೋಷಕ್ಕೆ.

ಕಣ್ಣು ಒರೆಸಿಕೊಂಡು ನೋಡಿದರೆ ದಡದ ಮೇಲೆ ಗುರುಸಂಗಪ್ಪ ನಿಂತಿದ್ದ. ಹೊಲಕ್ಕೆ ಹೊರಟವನಂತೆ ಹೆಗಲ ಮೇಲೆ ಟವೆಲ್ಲು, ಆದರೆ ಹೊಲದ ದಾರಿ ಇದಲ್ಲ. ಮರಳಿನಲ್ಲಿ ಕೆರ ಬಿಟ್ಟು, ಬೊಜ್ಜು ಹಿಡಿದುಕೊಂಡು ನಿಧಾನ ಇಳಿದು ಬಂದ. ಚಿಲುಮೆ ನೋಡಿದ, ಅವಳನ್ನು ನೋಡಿದ, ಮತ್ತೆ ಚಿಲುಮೆ ನೋಡಿದ.

"ಮೂರು ಮೈಲಿ ಹೊತ್ತೀನಿ" ಎಂದ. "ಎಂಥಾ ನೀರಿಗೆ ಹೊತ್ತೆ ಅಂತ ರುಚಿ ನೋಡಬೇಕಲ್ಲವಾ."

ಉಚ್ಚಂಗೆಮ್ಮ ತಂಬಿಗೆ ತುಂಬಿ ಮುಂದೆ ಚಾಚಿದಳು, ಅವನೇ ಎತ್ತಿ ಕುಡಿಯಲಿ ಎಂದು. ಅವನು ತಂಬಿಗೆ ಮುಟ್ಟಲಿಲ್ಲ. ಅವಳು ತಂಬಿಗೆ ಹಿಂದಕ್ಕೆ ಎಳೆದುಕೊಳ್ಳಲು ಹೊರಟಳು. ಅಷ್ಟರಲ್ಲಿ ಗುರುಸಂಗಪ್ಪ ಅವಳೆದುರು ಮರಳಲ್ಲಿ ಕುಕ್ಕರಿಸಿದ, ಎರಡೂ ಕೈ ಕೂಡಿಸಿ ಬೊಗಸೆ ಮಾಡಿ ಗದ್ದಕ್ಕೆ ಹಿಡಿದ. ಊರ ಬಾವಿಯ ಹತ್ತಿರ ಅವಳ ಅತ್ತೆ, ಅವಳು ಎಷ್ಟೋ ಸಲ ಹಾಗೆ ಕೂತು ಮೇಲಿನವರು ಯಾರಾದರೂ ನೀರು ಹೊಯ್ಯಲಿ ಎಂದು ಕಾದಿದ್ದರು. ಅವಳು ತಂಬಿಗೆ ಬಗ್ಗಿಸಿದಳು. ಸಣ್ಣಗೆ ಧಾರೆ ಬಿಟ್ಟಳು. ಅವನು ಗಟಗಟ ಕುಡಿದ, ಮೂಗಿನಿಂದ, ಮೀಸೆಯಿಂದ ಸುರಿಯಿತು.

"ಸಿಹಿ ಐತಿ" ಎಂದ, ಬೊಗಸೆ ತೆಗೆಯದೆ. "ಇನ್ನಷ್ಟು ಹಾಕಬೇ."

ಉಚ್ಚಂಗೆಮ್ಮ ಬಗ್ಗಿ ಇನ್ನೊಂದು ತಂಬಿಗೆ ತುಂಬಿದಳು.